ಬೆನ್ಚೀಲಿಗರ ಮತ

೨೦೨೫ ಜನವರಿ ೬, ಸೋಮವಾರ
ಮೂಡುಬಿದಿರೆ

ಬೆಳಿಗ್ಗೆ ಆರೂಕಾಲಿಗೆ ಹಾಲು ತರಲು ಹೊರಟವನು ಅಂಗಳದಲ್ಲಿ ನಿಂತಲ್ಲೇ ನಿಂತೆ. ನಮ್ಮ ಮಹಡಿಯ ಮೆಟ್ಟಿಲಿನ ಮೇಲೆ ಒಬ್ಬ ಅಪರಿಚಿತ ತರುಣಿ ಕುಳಿತು ಹಲ್ಲುಜ್ಜುತ್ತಿದ್ದಳು. ಆಘಾತ ಅದರಿಂದಲ್ಲ, ಹಲ್ಲುಜ್ಜುವುದು ಉತ್ತಮ ಅಭ್ಯಾಸ. ಅವಳ ಬ್ರಷ್ಷಿಗೆ ಹಿಡಿಯೇ ಇರಲಿಲ್ಲ. ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ತುಂಡನ್ನು ಚಿವುಟಿ ಹಿಡಿದು, ಬಹಳ ಶ್ರದ್ಧೆಯಿಂದ ಉಜ್ಜುತ್ತಿದ್ದಳು.

"ಬ್ರಷ್ ಮುರಿಯಿತೇನಮ್ಮ? ಒಳಗೆ ಹೊಸದು ಉಂಟು, ಕೊಡುತ್ತೇನೆ" ಎಂದೆ.

"ಮುರಿದಿಲ್ಲ ಅಂಕಲ್, ನಾನೇ ಕಟ್ ಮಾಡಿದ್ದು. ಒಂಬತ್ತು ಗ್ರಾಂ ಉಳಿಯುತ್ತೆ."

ಉಳಿಸಿದ ಒಂಬತ್ತು ಗ್ರಾಮನ್ನು ಏನು ಮಾಡುವಳೆಂದು ಕೇಳುವ ಧೈರ್ಯವಾಗಲಿಲ್ಲ.

ನನಗಾಗಿಯೇ ಬರೆಯುವ ದಿನಚರಿಯಾದರೂ ಪೂರ್ವಾಪರವಿಲ್ಲದೆ ಬರೆಯುವುದು ಮೂವತ್ತಾರು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವನಿಗೆ ಒಗ್ಗದು. ಮಹಡಿಯ ಎರಡು ಕೋಣೆಗಳು ಜೂನಿನಿಂದ ಖಾಲಿ ಇದ್ದವು. ನನ್ನ ಪತ್ನಿ ಶಶಿಪ್ರಭಾಳ ತಂಗಿಯ ಮಗ ರಂಜಿತ್, ಬಿ.ಸಿ.ರೋಡಿನಲ್ಲಿ ಹೋಟೆಲು ನಡೆಸುವವನು, ಅವುಗಳ ಚಿತ್ರ ತೆಗೆದು ಅಂತರ್ಜಾಲದಲ್ಲಿ ಹಾಕಿದ್ದಾನೆ. ಈ ಮನೆ ಶಶಿಗೆ ಅವಳ ತಾಯಿಯಿಂದ ಬಂದದ್ದು. ನಮ್ಮಲ್ಲಿ ಆಸ್ತಿ ಹೆಣ್ಣಿನ ದಾರಿಯಲ್ಲಿ ಇಳಿಯುತ್ತದೆ. ಗಂಡನಾದವನು ಆ ಮನೆಯಲ್ಲಿ ದೀರ್ಘಕಾಲದ ಅತಿಥಿ. ಆದ್ದರಿಂದ ಕೋಣೆಗಳ ವಿಷಯದಲ್ಲಿ ನನ್ನನ್ನು ಯಾರೂ ಕೇಳಲಿಲ್ಲ, ತಿಳಿಸಿದರು.

ತರುಣಿಯ ಹೆಸರು ಸಾತ್ವಿಕಾ. ಮೈಸೂರಿನವಳು. ಒಂದು ವಾರ ಇರುತ್ತಾಳಂತೆ. ಏಕೆಂದು ಕೇಳಿದ್ದಕ್ಕೆ "ಸುಮ್ನೆ" ಎಂದಳು.


ಜನವರಿ ೯, ಗುರುವಾರ

ಇವರನ್ನು ಬ್ಯಾಕ್‌ಪ್ಯಾಕರ್ ಎನ್ನುತ್ತಾರೆ. ನಾನು ಬೆನ್ಚೀಲಿಗರು ಎಂದು ಕರೆಯಲು ನಿಶ್ಚಯಿಸಿದ್ದೇನೆ. ಈಗ ನಾಲ್ವರಿದ್ದಾರೆ. ಇವರದು ಪ್ರವಾಸವೆಂದು ಭಾವಿಸಿದ್ದೆ. ಇಂದು ಸಂಜೆ ಐದು ಗಂಟೆಗೆ ನನ್ನ ಅಭಿಪ್ರಾಯ ಬದಲಾಯಿತು. ಇದು ಮತ.

ದಾವಣಗೆರೆಯ ರೋಹಿತ್ ಎಂಬವನು ನಿನ್ನೆ ಬಂದ. ಮೂವತ್ತೆರಡರ ಪ್ರಾಯ, ಗಡ್ಡ, ಮೂರು ವರ್ಷದಿಂದ ಸ್ವಂತ ಊರಿಗೆ ಹೋಗಿಲ್ಲ. ಉಳಿದವರು ಅವನು ಬಂದಾಗ ಎದ್ದು ನಿಂತರು. ನನ್ನ ಕೊನೆಯ ಹತ್ತು ವರ್ಷಗಳ ಸೇವೆಯಲ್ಲಿ ನಾನು ತರಗತಿಗೆ ಹೋದಾಗ ಕೂಡ ಯಾರೂ ಹಾಗೆ ಎದ್ದವರಿಲ್ಲ. ಇಂದು ಅವನು ನಮ್ಮ ಉಯ್ಯಾಲೆಯ ಕೊಂಡಿಗೆ ಒಂದು ಸಣ್ಣ ತಕ್ಕಡಿ ತೂಗುಹಾಕಿ, ಅದಕ್ಕೆ ತನ್ನ ಚೀಲವನ್ನು ಸಿಕ್ಕಿಸಿದ. ಏಳು ಕಿಲೋ ಮೀರಬಾರದೆಂಬುದು ಇವರ ವಿಧಿಯಂತೆ. ಐದು ಕಿಲೋ ಒಂಬೈನೂರು. ಕುಳಿತವರೆಲ್ಲ ಉಸಿರು ಬಿಟ್ಟರು. ಬಳಿಕ ಒಬ್ಬೊಬ್ಬರಾಗಿ ತಮ್ಮ ಚೀಲಗಳನ್ನು ತೂಗಿದರು. ಹನ್ನೊಂದು ಕಿಲೋ ಬಂದವನೊಬ್ಬ ತಲೆ ತಗ್ಗಿಸಿದ. ಧರ್ಮಸ್ಥಳದಲ್ಲಿ ತುಲಾಭಾರಕ್ಕೆ ಕುಳಿತವನು ಭಾರವಾದಷ್ಟು ಸೇವೆ ಹೆಚ್ಚು. ಇವರಲ್ಲಿ ಹಗುರವಾದಷ್ಟು ಪುಣ್ಯ.

ಇವರಲ್ಲಿ ಪಂಥಗಳೂ ಇವೆ. ಬಟ್ಟೆಯನ್ನು ಸುರುಳಿ ಸುತ್ತಿ ಇಡುವವರು ಒಂದು, ಮಡಿಸಿ ಇಡುವವರು ಇನ್ನೊಂದು. ಈ ವಿಷಯದಲ್ಲಿ ನಮ್ಮ ಜಗಲಿಯಲ್ಲಿ ನಲವತ್ತು ನಿಮಿಷ ವಾದ ನಡೆಯಿತು. ಎರಡೂ ಕಡೆಯವರು ಇನ್ನೊಬ್ಬರಿಗೆ ಮುಂದೆ ಎಂದಾದರೂ ಬುದ್ಧಿ ಬಂದೀತೆಂದು ಮರುಕದಿಂದ ನಕ್ಕರು. ಮಹಾಪಾಪವೊಂದಿದೆ: ಟೂರಿಸ್ಟ್ ಆಗಿರುವುದು. ಆ ಶಬ್ದವನ್ನು ನಮ್ಮ ಅಜ್ಜಿ ಜಾತಿಭ್ರಷ್ಟರ ಹೆಸರನ್ನು ಉಚ್ಚರಿಸುತ್ತಿದ್ದ ಧ್ವನಿಯಲ್ಲಿ ಹೇಳುತ್ತಾರೆ.

ಸಾವಿರ ಕಂಬದ ಬಸದಿಗೆ ನಾನೇ ಕರೆದುಕೊಂಡು ಹೋಗಿ ವಿವರಿಸುತ್ತೇನೆಂದೆ. "ಅಲ್ಲಿಗೆ ಎಲ್ರೂ ಹೋಗ್ತಾರಲ್ವಾ ಸಾರ್" ಎಂದ ರೋಹಿತ್. ಹಾಗೆಂದು ಅವನು ವೇಣೂರಿನ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಬಂದು, ಆ ಬಸ್ಸಿನಲ್ಲಿ ನಿಂತದ್ದನ್ನೇ ಒಂದು ಗಂಟೆ ವರ್ಣಿಸಿದ. ನಾನು ಇಪ್ಪತ್ತೆರಡು ವರ್ಷ ಆ ಬಸ್ಸಿನಲ್ಲಿ ನಿಂತು ಶಾಲೆಗೆ ಹೋಗಿದ್ದೇನೆ. ಯಾರೂ ಕೇಳಿಸಿಕೊಂಡಿರಲಿಲ್ಲ.


ಜನವರಿ ೧೩, ಸೋಮವಾರ

ಸಾತ್ವಿಕಾ ಇನ್ನೂ ಹೋಗಿಲ್ಲ. ಒಂದು ವಾರವೆಂದರೆ ಇವರ ಮತದಲ್ಲಿ ಎಷ್ಟು ದಿನವೋ.

ಇಂದು ಸಂಜೆ ಶಶಿ ಗೋಳಿಬಜೆ ಮಾಡಿದ್ದಳು. ಎಲ್ಲರೂ ಜಗಲಿಯಲ್ಲಿದ್ದಾಗ ಸಾತ್ವಿಕಾ ಬಹಳ ಹೊತ್ತು ನೆಲ ನೋಡಿ, "ನಾನು ಒಂದು ವಿಷಯ ಯಾರಿಗೂ ಹೇಳಿಲ್ಲ. ಐದು ವರ್ಷದ ಹಿಂದೆ ಗೋವಾಕ್ಕೆ ಹೋಗಿದ್ದೆ. ಚಕ್ರದ ಸೂಟ್‌ಕೇಸ್ ತಗೊಂಡು" ಎಂದಳು.

ಒಬ್ಬ ಕೈಯಲ್ಲಿದ್ದ ಗೋಳಿಬಜೆಯನ್ನು ತಟ್ಟೆಗೆ ಹಿಂದಿರುಗಿಸಿದ.

"ಎಷ್ಟು ದೊಡ್ಡದು?" ಎಂದು ಕೇಳಿದ ರೋಹಿತ್.

"ದೊಡ್ಡದೇ. ಹೇರ್ ಡ್ರೈಯರ್ ಇತ್ತು."

ರೋಹಿತ್ ಅವಳ ಭುಜ ಮುಟ್ಟಿ, "ಎಲ್ರೂ ಒಂದು ಕಾಲ್ದಾಗ ಹಂಗೇ ಇದ್ವಿ, ಬಿಡು" ಎಂದ. ಅವಳ ಮುಖದಲ್ಲಿ ಕಂಡ ನೆಮ್ಮದಿಯನ್ನು ನಾನು ಪ್ರಾಯಶ್ಚಿತ್ತ ಮಾಡಿಸಿಕೊಂಡು ಹೊರಬಂದವರಲ್ಲಿ ಮಾತ್ರ ಕಂಡಿದ್ದೇನೆ.

ಆ ಹೊತ್ತಿಗೆ ಶಶಿ ಕೇಳಿದಳು: "ಏಳು ಕಿಲೋದಲ್ಲಿ ಸೀರೆ ಎಷ್ಟು ಹಿಡಿಸ್ತದೆ?"

ಅತಿಥಿಗಳೊಂದಿಗೆ ಅವರ ಆಸಕ್ತಿಯ ವಿಷಯ ಮಾತನಾಡುವುದು ಸೌಜನ್ಯ. ಅವಳಿಗೆ ಅದು ಮೊದಲಿನಿಂದಲೂ ಇದೆ.


ಜನವರಿ ೧೬, ಗುರುವಾರ

ಬೆಳಿಗ್ಗೆ ರೋಹಿತನೊಂದಿಗೆ ಪೇಟೆಗೆ ಹೋಗಿದ್ದೆ. ಜೈನಪೇಟೆಯ ತಿರುವಿನಲ್ಲಿ ಎದುರಿನಿಂದ ಒಬ್ಬರು ದಿಗಂಬರ ಮುನಿಗಳು ವಿಹಾರ ಬರುತ್ತಿದ್ದರು. ಹಿಂದೆ ನಾಲ್ಕು ಮಂದಿ ಶ್ರಾವಕರು. ಮುನಿಗಳ ಒಂದು ಕೈಯಲ್ಲಿ ನವಿಲುಗರಿಯ ಪಿಂಛಿ, ಇನ್ನೊಂದು ಕೈಯಲ್ಲಿ ಕಮಂಡಲು. ಅಷ್ಟೇ. ನಾನು ಬದಿಗೆ ಸರಿದು ಕೈಮುಗಿದೆ.

ರೋಹಿತ್ ಕೈಮುಗಿಯಲೂ ಮರೆತು ನಿಂತಿದ್ದ. ಅವರು ದಾಟಿ ಹೋದ ಬಳಿಕ ಮೆಲ್ಲನೆ ಕೇಳಿದ: "ಎಲ್ಲಿಂದ ಬರ್ತಿದಾರೆ ಸಾರ್?"

"ಶ್ರವಣಬೆಳಗೊಳದಿಂದ ಇರಬಹುದು."

"ನಡ್ಕೊಂಡು?"

"ಅವರು ವಾಹನ ಹತ್ತುವುದಿಲ್ಲ."

"ಮಿಕ್ಕಿದ ಸಾಮಾನು?"

"ಮಿಕ್ಕಿದ್ದು ಇಲ್ಲ."

ನನಗೆ ಕೋಪ ಬಂದಿತ್ತು. ತ್ಯಾಗಕ್ಕೂ ತಕ್ಕಡಿಗೂ ಸಂಬಂಧವಿಲ್ಲವೆಂದು ಸ್ಪಷ್ಟಪಡಿಸಬೇಕೆಂದಿದ್ದೆ. ಆದರೆ ಮಧ್ಯಾಹ್ನ ಅವನು ತನ್ನ ಕ್ಯಾಮರಾದ ಮೂರು ಕಾಲಿನ ಸ್ಟ್ಯಾಂಡನ್ನೂ ಒಂದು ಜೊತೆ ಪಾದರಕ್ಷೆಯನ್ನೂ ಮೆಟ್ಟಿಲಿನ ಕೆಳಗೆ ಇಟ್ಟು, "ಯಾರಿಗಾದ್ರೂ ಕೊಟ್ಬಿಡಿ" ಎಂದು ಹೇಳಿ ಹೊರಟುಹೋದ. ತಕ್ಕಡಿಯನ್ನು ಶಶಿಗೆ ಕೊಟ್ಟು ಹೋಗಿದ್ದಾನೆ.

ಅವಳಿಗೇಕೆ?


ಜನವರಿ ೨೦, ಸೋಮವಾರ

ಅಕ್ಷರ ಕೆಟ್ಟರೂ ಇಂದೇ ಬರೆಯಬೇಕು. ಮನೆಯಲ್ಲಿ ತುಳುವಿನಲ್ಲಿ ಆಡಿದ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುವುದು ನನ್ನ ಪದ್ಧತಿ, ಭಾವ ಬದಲಾಗಿಲ್ಲ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಶಶಿ, "ಇವರೇ, ಫೆಬ್ರವರಿ ಇಪ್ಪತ್ತಕ್ಕೆ ನಾನು ಅಸ್ಸಾಮಿಗೆ ಹೋಗ್ತೇನೆ. ಇಪ್ಪತ್ತೊಂದು ದಿನ. ಟಿಕೇಟು ರಂಜಿತ್ ಮಾಡಿದ" ಎಂದಳು. ಸಾರು ಬಡಿಸುತ್ತಲೇ ಹೇಳಿದಳು.

"ಯಾವ ತಂಡದೊಟ್ಟಿಗೆ?"

"ತಂಡ ಇಲ್ಲ."

"ಹಾಗಾದರೆ ನಾವಿಬ್ಬರು ಇಳಿದುಕೊಳ್ಳುವುದು ಎಲ್ಲಿ?"

"ನಾವಿಬ್ಬರಲ್ಲ. ನಾನು."

ಅವಳಿಗೆ ಅರುವತ್ತನಾಲ್ಕು ವರ್ಷ. ಇಲ್ಲಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಟ್ರಂಕ್ ಕರೆ ಜೋಡಿಸಿದವಳು. ಕಾರ್ಕಳದಾಚೆಗೆ ಒಬ್ಬಳೇ ಹೋದವಳಲ್ಲ. ಎಲ್ಲ ಬಿಟ್ಟು ಅಸ್ಸಾಮೇಕೆ ಎಂದೆ. ಅಲ್ಲಿ ದೊಡ್ಡ ಹೊಳೆಯ ನಡುವೆ ಮಜುಲಿ ಎಂಬ ದ್ವೀಪವಿದೆಯಂತೆ. "ಊರುಗಳ ದನಿ ಮಾತ್ರ ಕೇಳಿದ್ದು ನಾನು. ಜೋರ್ಹಾಟ್, ಸಿಲ್ಚಾರ್, ದಿಬ್ರುಗಢ. ಒಂದರ ಮುಖವಾದ್ರೂ ನೋಡಬೇಕು" ಎಂದಳು.

ಅವಳ ಪ್ರಾಯ, ಅಪರಿಚಿತ ಭಾಷೆ, ಆಹಾರ, ಶೌಚಾಲಯ — ನನ್ನ ಆಕ್ಷೇಪಗಳನ್ನು ಕ್ರಮವಾಗಿ ಮಂಡಿಸಿದೆ. ಪ್ರತಿಯೊಂದಕ್ಕೂ ಸಾತ್ವಿಕಾ ಹೇಳಿಕೊಟ್ಟ ಉತ್ತರವಿತ್ತು. ಕೊನೆಗೆ, ನನ್ನ ಚಹಾ ಯಾರು ಮಾಡುವುದೆಂದು ಕೇಳಿದೆ. ಕೇಳಬಾರದಿತ್ತೆಂದು ಈಗ ತೋರುತ್ತದೆ.

"ಚಾ ಪುಡಿ ಎಲ್ಲಿ ಉಂಟು ಅಂತ ತೋರಿಸಿ ಹೋಗ್ತೇನೆ."

"ನನ್ನನ್ನೂ ಕರೆದುಕೊಂಡು ಹೋಗಬಹುದಿತ್ತಲ್ಲ."

ಅವಳು ಎದುರಿಗೆ ಕುಳಿತಳು. "ತೊಂಬತ್ತೆಂಟರಲ್ಲಿ ಶಾಲೆಯ ದೆಹಲಿ ಪ್ರವಾಸ. ಶಿಕ್ಷಕರ ಹೆಂಡತಿಯರಿಗೆ ಎರಡು ಸೀಟು ಇತ್ತು. ನನ್ನ ಹೆಸರು ನೀವೇ ಬರೆದದ್ದು. ಮತ್ತೆ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದೂ ನೀವೇ. ನಾನು ರಜೆ ಬರೆದಾಗಿತ್ತು."

"ಪ್ರವಾಸದ ಮೇಲ್ವಿಚಾರಕನೇ ತನ್ನ ಪತ್ನಿಯನ್ನು ಸೇರಿಸಿದರೆ ಪಕ್ಷಪಾತವಾಗುತ್ತಿತ್ತು, ಶಶಿ."

"ಸರಿಯೇ ಇತ್ತು ನಿಮ್ಮದು. ನಿಮ್ಮದು ಯಾವಾಗಲೂ ಸರಿಯೇ" ಎಂದು ಎದ್ದು ಹೋದಳು.

ಇದನ್ನು ಪ್ರಶಂಸೆಯೆಂದು ಬರೆದುಕೊಳ್ಳಲು ಕೈ ಬರುತ್ತಿಲ್ಲ.


ಜನವರಿ ೨೪, ಶುಕ್ರವಾರ

ಮಾತಿಲ್ಲ. ಚಹಾ ಪುಡಿ ನೀಲಿ ಮುಚ್ಚಳದ ಡಬ್ಬಿಯಲ್ಲಿದೆ.


ಜನವರಿ ೨೭, ಸೋಮವಾರ

ಪರಿಹಾರ ಹೊಳೆದಿದೆ. ಮುಂದಿನ ಆದಿತ್ಯವಾರ ಮಡಂತ್ಯಾರಿನಲ್ಲಿ ಶಶಿಯ ಕುಟುಂಬದ ಮನೆಯ ತಂಬಿಲ, ದೈವಗಳಿಗೆ ಸಲ್ಲುವ ವಾರ್ಷಿಕ ಸೇವೆ. ಬೆಳಗ್ಗಿನ ಸೇವೆಯ ಬಳಿಕ ದೈವದ ದರ್ಶನ ಉಂಟು. ಆವೇಶ ಬರುವ ಪಾತ್ರಿಯ ಮೂಲಕ ದೈವ ನುಡಿ ಕೊಟ್ಟರೆ ಅದಕ್ಕೆ ಮೇಲ್ಮನವಿಯಿಲ್ಲ, ಶಶಿಯೂ ಮೀರಲಾರಳು. ಅವಳದು ಮತವಾದರೆ ನಮಗೂ ಒಂದು ಇದೆ, ಅದಕ್ಕಿಂತ ಹಳೆಯದು. ಅರಿಕೆಯನ್ನು ಬರೆದು, ಮೂರು ಸಲ ತಿದ್ದಿ, ಕಂಠಪಾಠ ಮಾಡುತ್ತಿದ್ದೇನೆ. ಅವಳಿಗೆ ತಿಳಿಸಿಲ್ಲ.

ಸಾತ್ವಿಕಾ ಗೋಕರ್ಣಕ್ಕೆ ಹೋದಳು. ಹೋಗುವಾಗ ನನ್ನ ಕಾಲು ಮುಟ್ಟಿ ನಮಸ್ಕರಿಸಿದಳು, ಶಶಿಯನ್ನು ಅಪ್ಪಿಕೊಂಡಳು. ನನಗಿಂತ ಅವಳಿಗೆ ಸಂದದ್ದೇ ಹೆಚ್ಚೆಂದು ಕಂಡಿತು.


ಫೆಬ್ರವರಿ ೨, ಆದಿತ್ಯವಾರ

ಆದದ್ದನ್ನು ಆದಂತೆ ಬರೆಯುತ್ತೇನೆ.

ಹನ್ನೊಂದು ಗಂಟೆಗೆ ದರ್ಶನವಾಯಿತು. ಕುಟುಂಬದವರು ಅರುವತ್ತು ಮಂದಿ ಅಂಗಳದಲ್ಲಿದ್ದರು. ಅರಿಕೆ ಇರುವವರು ಮುಂದೆ ಬರಲಿ ಎಂದಾಗ ನಾನು ಶಲ್ಯ ಸೊಂಟಕ್ಕೆ ಬಿಗಿದು ಮುಂದೆ ಹೋದೆ. ಶಶಿಯ ಮುಖ ನೋಡಲಿಲ್ಲ. ಈ ಮನೆಯ ಮಗಳೊಬ್ಬಳು ಪ್ರಾಯ ಮೀರಿದ ಕಾಲದಲ್ಲಿ ಒಂಟಿಯಾಗಿ ದೂರದೇಶಕ್ಕೆ ಹೊರಟಿರುವಳೆಂದೂ, ಅವಳಿಗೆ ಬುದ್ಧಿವಾದ ಹೇಳಿ ನಿಲ್ಲಿಸಿಕೊಡಬೇಕೆಂದೂ ನಿವೇದಿಸಿದೆ. ಉಚ್ಚಾರಣೆಯಲ್ಲಿ ಒಂದು ದೋಷವೂ ಆಗಲಿಲ್ಲ.

ದೈವ ನನ್ನನ್ನು ಬಹಳ ಹೊತ್ತು ನೋಡಿತು. "ಅರಿಕೆ ಹೇಳುವ ನೀನು ಯಾವ ಬರಿ?" ಎಂದು ಕೇಳಿತು.

ಬರಿಯೆಂದರೆ ತಾಯಿಯ ಕಡೆಯ ವಂಶ. ನನ್ನದು ಬೇರೆ, ಶಶಿಯದು ಬೇರೆ. ಒಂದೇ ಬರಿಯಲ್ಲಿ ಮದುವೆಯಿಲ್ಲ. ನನ್ನ ಬರಿಯ ಹೆಸರು ಹೇಳಿದೆ. ಹೇಳುತ್ತಿರುವಾಗಲೇ ನಾನು ಮಾಡಿದ ತಪ್ಪು ನನಗೆ ಹೊಳೆಯಿತು. ಆದರೆ ವಾಕ್ಯ ಮುಗಿದಿತ್ತು.

"ಹಾಗಾದರೆ ನಿನ್ನ ದೂರನ್ನು ನಿನ್ನ ತಾಯಿಮನೆಯ ದೈವಕ್ಕೆ ಹೇಳಿಕೋ. ಇದು ನನ್ನ ಸಂಸಾರದ ಹೆಣ್ಣು. ಅವಳು ಏಳು ಹೊಳೆ ದಾಟಿದರೂ ಬೆಂಗಾವಲಿಗೆ ನಾನಿದ್ದೇನೆ. ಅವಳು ಹಿಂದೆ ಬಂದು ಹೊಸ್ತಿಲು ಮೆಟ್ಟುವವರೆಗೆ ಮುಸ್ಸಂಜೆಯ ದೀಪ ನಿನ್ನ ಕೈಯಲ್ಲಿ. ಸಂತೋಷವೋ?"

ಹಾಗೆ ಕೇಳಿದಾಗ ಉತ್ತರ ಒಂದೇ. ಅರುವತ್ತು ಮಂದಿಯ ಮುಂದೆ ಕೈಮುಗಿದು "ಸಂತೋಷ" ಎಂದೆ. ದೈವ ಶಶಿಯನ್ನು ಕರೆದು ಗಂಧಪ್ರಸಾದ ಕೊಟ್ಟಿತು. ಅವಳು ಅಳುತ್ತಿದ್ದಳು.

ಬರುವಾಗ ಕಾರಿನಲ್ಲಿ ಪುಂಜಾಲಕಟ್ಟೆ ದಾಟಿದ ಮೇಲೆ ರಂಜಿತ್, "ದೊಡ್ಡಪ್ಪ, ಬೇಜಾರ ಮಾಡ್ಬೇಡಿ. ಎದುರು ಪಾರ್ಟಿಯ ವಕೀಲರ ಮನೆಗೇ ಹೋಗಿ ಕೇಸು ಕೊಟ್ಟ ಹಾಗಾಯ್ತು ನಿಮ್ದು" ಎಂದ. ಹಿಂದಿನ ಸೀಟಿನಲ್ಲಿ ಶಶಿ ಸೀರೆಯ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಅತ್ತದ್ದಲ್ಲ.


ಫೆಬ್ರವರಿ ೪, ಮಂಗಳವಾರ

ಅಪ್ಪಣೆಯಾದ ಮೇಲೆ ಅವಳು ಹೋಗುವುದು ನಿಶ್ಚಯ. ಹೋಗುವುದಾದರೆ ಕ್ರಮಬದ್ಧವಾಗಿ ಹೋಗಬೇಕು. ಅವಳು ಒಟ್ಟುಮಾಡಿದ್ದನ್ನು ಇಂದು ತೂಗಿ ನೋಡಿದೆ. ಒಂಬತ್ತು ಕಿಲೋ ಇನ್ನೂರು. ನನಗೆ ನಾಚಿಕೆಯಾಯಿತು.

"ಇದು ಯಾಕೆ?" ಎಂದೆ. ತೆಂಗಿನೆಣ್ಣೆಯ ಅರ್ಧ ಲೀಟರ್ ಬಾಟಲಿ.

"ತಲೆಗೆ."

"ನಿನಗಿರುವುದು ಒಂದು ತಲೆ."

ಅವಳು ನಕ್ಕಳು. ಜನವರಿ ಇಪ್ಪತ್ತರ ಬಳಿಕ ನನ್ನ ಮುಖ ನೋಡಿ ನಕ್ಕದ್ದು ಇದೇ ಮೊದಲ ಸಲ. ಸೀರೆಗಳನ್ನು ಮಡಿಸಿಟ್ಟರೆ ನಾಲ್ಕು ಹಿಡಿಯುತ್ತವೆ. ಸುರುಳಿ ಸುತ್ತಿದರೆ ಐದು. ಎರಡು ಬಾರಿ ಪರೀಕ್ಷಿಸಿದೆ. ಮಡಿಸಿ ಇಡುವವರ ವಾದದಲ್ಲಿ ಹುರುಳಿಲ್ಲ. ಇದು ಪಕ್ಷಪಾತವಲ್ಲ, ಅಳತೆ.

ಸಂಜೆಯ ಹೊತ್ತಿಗೆ ಎಂಟು ಕಿಲೋಗೆ ಇಳಿಸಿದೆ.


ಫೆಬ್ರವರಿ ೧೦, ಸೋಮವಾರ

ಚೀಲ ಕೊಳ್ಳಲು ಬಿ.ಸಿ.ರೋಡಿಗೆ ಹೋಗಿದ್ದೆ. ಬಸ್ ನಿಲ್ದಾಣದ ಎದುರು ಬದ್ರುದ್ದೀನನ ಅಂಗಡಿ. ಎಂಬತ್ತೊಂಬತ್ತರ ಬ್ಯಾಚಿನವನು, ಷಟ್ಪದಿಯನ್ನು ಉರು ಹೊಡೆಯದೆ ಎರಡು ದಿನ ಹೊರಗೆ ನಿಂತವನು. ನನ್ನನ್ನು ಕಂಡು ಈಗಲೂ ಸ್ಟೂಲಿನಿಂದ ಇಳಿದ.

"ಅಕ್ಕನಿಗಾ? ಈ ಪ್ರಾಯದಲ್ಲಿ ಬೆನ್ನಿಗೆ ಯಾಕೆ ಮಾಸ್ಟ್ರೆ? ನಾಲ್ಕು ಚಕ್ರದ್ದು ಉಂಟು, ದುಬಾಯಿಯವರೆಲ್ಲ ಇದನ್ನೇ ಕೊಂಡುಹೋಗುದು. ಬೆರಳಲ್ಲಿ ದೂಡಿದ್ರೆ ಸಾಕು" ಎಂದು ನೇರಳೆ ಬಣ್ಣದ ಪೆಟ್ಟಿಗೆಯೊಂದನ್ನು ನೆಲದಲ್ಲಿ ಓಡಿಸಿ ತೋರಿಸಿದ.

"ಅದು ಟೂರಿಸ್ಟುಗಳಿಗೆ" ಎಂದೆ.

ಅವನು ಪೆಟ್ಟಿಗೆಯನ್ನು ನಿಲ್ಲಿಸಿ ನನ್ನನ್ನು ನೋಡಿದ. "ನೀವು ಈಗ ಯಾವ ಪಾರ್ಟಿ ಮಾಸ್ಟ್ರೆ?"

ಈ ಪ್ರಶ್ನೆಗೆ ಅರ್ಥವಿಲ್ಲ. ಹನ್ನೊಂದು ಚೀಲಗಳನ್ನು ಕೆಳಗಿಳಿಸಲು ಹೇಳಿ, ಸೊಂಟಪಟ್ಟಿಯ ಭಾರವನ್ನು ಭುಜದ ಪಟ್ಟಿಯ ಭಾರದೊಂದಿಗೆ ತುಲನೆ ಮಾಡಿ, ಕೊನೆಗೆ ಕಡುಹಸಿರಿನ ಒಂದನ್ನು ಆರಿಸಿದೆ. ಹಾಕಿಕೊಂಡು ಕನ್ನಡಿಯಲ್ಲಿ ನೋಡಬೇಕಾಯಿತು. ಶಶಿಯ ಎತ್ತರ ನನ್ನ ಕಿವಿಯವರೆಗೆ ಬರುತ್ತದೆ, ಹಾಗಾಗಿ ಅಂದಾಜು ಸಿಗುತ್ತದೆ.

"ಚಂದ ಕಾಣ್ತದೆ ಮಾಸ್ಟ್ರೆ. ಎರಡು ಕೊಡುದಾ?" ಎಂದ ಬದ್ರುದ್ದೀನ್.

ಒಂದೇ ಸಾಕೆಂದೆ. ಸ್ವಲ್ಪ ಹೊತ್ತು ಬಿಟ್ಟು ಹೇಳಿದೆನೆಂದು ಕಾಣುತ್ತದೆ, ಏಕೆಂದರೆ ಅವನು ಎರಡನೆಯದನ್ನು ಕೆಳಗಿಳಿಸಿಯಾಗಿತ್ತು.


ಫೆಬ್ರವರಿ ೧೪, ಶುಕ್ರವಾರ

ಚೀಲದ ಪರೀಕ್ಷೆ ನಡೆಸಿದೆ. ಏಳು ಕಿಲೋ ತುಂಬಿ, ಬೆನ್ನಿಗೇರಿಸಿ, ಮನೆಯಿಂದ ಆಲಂಗಾರಿನವರೆಗೆ ನಡೆದು ಹಿಂದಿರುಗಿದೆ. ಅವಳು ಹೊರಬೇಕಾದ ಭಾರ ಹೇಗಿದೆಯೆಂದು ಯಾರಾದರೂ ಮೊದಲು ತಿಳಿಯಬೇಕಷ್ಟೆ.

ಮೂವರು ಶಬರಿಮಲೆಯಾ ಎಂದು ಕೇಳಿದರು. ಒಬ್ಬ ಹಳೆಯ ವಿದ್ಯಾರ್ಥಿ ಬೈಕು ನಿಲ್ಲಿಸಿ, "ಮಾಸ್ಟ್ರೆ, ಮನೆಯಲ್ಲಿ ಗಲಾಟೆಯಾ? ಬನ್ನಿ, ನಾನು ಮಾತಾಡ್ತೇನೆ" ಎಂದ. ಅವನನ್ನು ಸಮಾಧಾನಪಡಿಸಿ ಕಳುಹಿಸುವಷ್ಟರಲ್ಲಿ ಹತ್ತು ನಿಮಿಷ ಹೋಯಿತು.

ಎಡಭುಜದ ಪಟ್ಟಿ ಅರ್ಧ ಅಂಗುಲ ಸಡಿಲಿಸಬೇಕು.


ಫೆಬ್ರವರಿ ೧೫, ಶನಿವಾರ

ಪುನಃ ಪರೀಕ್ಷಿಸಿದೆ. ನಿನ್ನೆಯ ಫಲಿತಾಂಶ ಸರಿಯಿದೆ.


ಫೆಬ್ರವರಿ ೧೬, ಆದಿತ್ಯವಾರ

ಇಂದೂ.


ಫೆಬ್ರವರಿ ೧೭, ಸೋಮವಾರ

ಮಹಡಿಗೆ ಒಂದು ಕುಟುಂಬ ಬಂದಿದೆ. ಬಾಡಿಗೆ ಕಾರು, ಚಕ್ರದ ಪೆಟ್ಟಿಗೆ ಮೂರು, ನೀರು ಕುದಿಸುವ ಯಂತ್ರ. ಒಂದೇ ದಿನದಲ್ಲಿ ಧರ್ಮಸ್ಥಳ, ವೇಣೂರು, ಮೂಡುಬಿದಿರೆ, ಕಾರ್ಕಳ ಮುಗಿಸುವರಂತೆ. ಮುಗಿಸುವುದು. ನಾನು ಕೆಳಗಿನಿಂದ ನೋಡುತ್ತಿದ್ದಾಗ ಪೆಟ್ಟಿಗೆಗಳು ಮೆಟ್ಟಿಲಿಗೆ ಬಡಿಯುತ್ತ ಹೋದವು. ಕೋಣೆ ಖಾಲಿಯಿಲ್ಲವೆಂದು ಹೇಳಬಹುದಿತ್ತೆಂದು ಶಶಿಗೆ ಸೂಚಿಸಿದೆ.

"ಯಾಕೆ? ಪಾಪ, ಒಳ್ಳೆ ಜನ."

"ಒಳ್ಳೆಯವರೇ. ಆದರೆ ಟೂರಿಸ್ಟುಗಳು."

ಶಶಿ ನನ್ನನ್ನು ನೋಡಿದ ರೀತಿ ಬದ್ರುದ್ದೀನ್ ನೋಡಿದ ಹಾಗೆಯೇ ಇತ್ತು. ಇವರೆಲ್ಲ ಹಾಗೇಕೆ ನೋಡುತ್ತಾರೆ?


ಫೆಬ್ರವರಿ ೧೯, ಬುಧವಾರ

ಆರು ಕಿಲೋ ಏಳುನೂರ ನಲವತ್ತು. ಅವಳ ಬ್ರಷ್ಷಿನ ಹಿಡಿಯನ್ನು ಗರಗಸದ ಬ್ಲೇಡಿನಿಂದ ನಾನೇ ಕತ್ತರಿಸಿ, ಅಂಚನ್ನು ಮರಳು ಕಾಗದದಿಂದ ಉಜ್ಜಿದೆ.

ಶಶಿ ಮಧ್ಯಾಹ್ನದಿಂದ ಚೀಲವನ್ನು ಆರು ಸಲ ತೆರೆದು ಮುಚ್ಚಿದಳು. ಏನೂ ತೆಗೆಯಲಿಲ್ಲ, ಏನೂ ಸೇರಿಸಲಿಲ್ಲ. ಊಟ ಸೇರಲಿಲ್ಲವೆಂದಳು. ಜೀರಿಗೆ ಕಷಾಯ ಮಾಡಿಕೊಟ್ಟೆ. ಜೀರಿಗೆ ಎರಡನೆಯ ಸಾಲಿನಲ್ಲಿ, ಸಾಸಿವೆಯ ಎಡಕ್ಕೆ.

"ನಿಮಗೆ ಖುಷಿ ಉಂಟಾ ನಾನು ಹೋಗುದು?" ಎಂದು ಕೇಳಿದಳು.

ಎಲ್ಲ ಸಿದ್ಧತೆಯೂ ಸಮರ್ಪಕವಾಗಿದೆ ಎಂದೆ.


ಫೆಬ್ರವರಿ ೨೦, ಗುರುವಾರ

ಬೆಂಗಳೂರಿನ ಬಸ್ಸು ಬಿ.ಸಿ.ರೋಡಿಗೆ ಎಂಟು ನಲವತ್ತಕ್ಕೆ. ಬೆಂಗಳೂರಿನಿಂದ ನಾಳೆ ಗುವಾಹಟಿಯ ರೈಲು. ರಂಜಿತ್ ನಮ್ಮನ್ನು ಸಿದ್ಧಕಟ್ಟೆಯ ದಾರಿಯಲ್ಲಿ ಕರೆತಂದು, ನಿಲ್ದಾಣದಲ್ಲಿ ಇಳಿಸಿ, ಕಾರು ನಿಲ್ಲಿಸಲು ಜಾಗ ಹುಡುಕಿ ಹೋದ. ಶಶಿ ಚೀಲವನ್ನು ತಾನೇ ಹೊತ್ತಿದ್ದಳು. ಹಳದಿ ಹೂವಿನ ಸೀರೆ, ಕಾಲಿಗೆ ಬಿಳಿ ಶೂಸು. ಕಾಲೇಜಿಗೆ ಹೋಗುವ ಹುಡುಗಿಯರು ಅವಳನ್ನು ನೋಡಿ ಪರಸ್ಪರ ಮುಟ್ಟಿಕೊಂಡರು.

ಬಸ್ಸು ಬಂದು ನಿಂತಿತು. ಬೆಂಗಳೂರು, ಬೆಂಗಳೂರು ಎಂದು ನಿರ್ವಾಹಕ ಕೂಗಿದ. ಅವಳು ಅಲುಗಲಿಲ್ಲ.

"ಇವರೇ."

"ಏನು?"

"ಒಂದು ವಾರ ಬಿಟ್ಟು ಹೋದ್ರೆ ಆಗ್ತದಾ? ನೀವೂ ಬನ್ನಿ. ಇಬ್ಬರೂ ಒಟ್ಟಿಗೆ ಹೋಗುವ."

ಒಂದು ತಿಂಗಳಿನಿಂದ ನಾನು ಕೇಳಬೇಕೆಂದಿದ್ದ ಮಾತು ಅದು. ದೈವದ ಮುಂದೆ ಅಂಗಲಾಚಿ ಕೇಳಿದ್ದೂ ಬಹುಶಃ ಅದನ್ನೇ. ಅರಿಕೆಯ ವಾಕ್ಯರಚನೆ ಬೇರೆಯಾಗಿತ್ತು ಅಷ್ಟೆ. ಹ್ಞೂಂ ಎಂದಿದ್ದರೆ ಸಾಕಿತ್ತು. ರಂಜಿತನ ಕಾರು ಇನ್ನೂ ದೂರ ಹೋಗಿರಲಿಲ್ಲ.

"ಆಗುವುದಿಲ್ಲ, ಶಶಿ. ಹತ್ತು."

ಹೇಳಿದವರು ಯಾರೆಂದು ನಾನೇ ಒಂದು ಕ್ಷಣ ನೋಡುವಂತಾಯಿತು. ನನ್ನದೇ ಬಾಯಿ.

"ನನಗೆ ಹೆದರಿಕೆ ಆಗ್ತದೆ" ಎಂದಳು. ಅವಳ ಕೈ ನನ್ನ ಅಂಗಿಯ ತೋಳನ್ನು ಹಿಡಿದಿತ್ತು.

"ನನಗೂ ಆಗುತ್ತದೆ. ಆದರೆ ನಾನು ಬಂದರೆ ನೀನು ಊರು ನೋಡುವುದಿಲ್ಲ. ನನ್ನ ಚಹಾ ಹುಡುಕುತ್ತಿ. ಹೋಗು. ಕುಳಿತ ಮೇಲೆ ಹಿಂದೆ ತಿರುಗಿ ನೋಡಬೇಡ. ನೋಡಿದರೆ ಇಳಿಯುತ್ತಿ."

"ಅಕ್ಕ, ಬರ್ತೀರಾ ಇಲ್ವಾ? ಬ್ಯಾಗ್ ಡಿಕ್ಕಿಗೆ ಹಾಕುವ" ಎಂದ ನಿರ್ವಾಹಕ.

"ಬೇಡ" ಎಂದಳು ಅವಳು, ನನ್ನ ತೋಳನ್ನು ಬಿಟ್ಟು. "ಇದು ನನ್ನೊಟ್ಟಿಗೇ ಇರ್ತದೆ."

ಮೆಟ್ಟಿಲು ಎತ್ತರದ್ದು. ಒಂದು ಕೈಯಿಂದ ಕಂಬಿ ಹಿಡಿದು, ಇನ್ನೊಂದರಿಂದ ಸೀರೆಯ ನೆರಿಗೆ ಎತ್ತಿ ಹತ್ತಿದಳು. ಚೀಲದ ಭಾರಕ್ಕೆ ಒಮ್ಮೆ ಹಿಂದಕ್ಕೆ ವಾಲಿದಳು; ನಾನು ಮುಂದೆ ಹೋಗುವಷ್ಟರಲ್ಲಿ ಸರಿಯಾಗಿ ನಿಂತಿದ್ದಳು. ಬಲಬದಿಯ ನಾಲ್ಕನೆಯ ಕಿಟಕಿಯಲ್ಲಿ ಕುಳಿತು, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ನೇರವಾಗಿ ಮುಂದೆ ನೋಡಿದಳು.

ಬಸ್ಸು ಎಂಟು ಐವತ್ತೆರಡಕ್ಕೆ, ಅಂದರೆ ಹನ್ನೆರಡು ನಿಮಿಷ ತಡವಾಗಿ ಹೊರಟಿತು. ನಾನು ಕೈ ಎತ್ತಿದೆ. ಸೇತುವೆಯ ಕಡೆಗೆ ತಿರುಗುವವರೆಗೆ ಆ ಕಿಟಕಿ ಕಾಣುತ್ತಿತ್ತು. ತಿರುಗಿ ನೋಡಬಾರದೆಂದು ಹೇಳಿದವನು ನಾನೇ. ನಾನು ಹೇಳಿದ್ದನ್ನು ಅವಳು ಅಷ್ಟು ಅಕ್ಷರಶಃ ಪಾಲಿಸುವಳೆಂದು ಭಾವಿಸಿರಲಿಲ್ಲ.

ಎಷ್ಟು ಹೊತ್ತಾಯಿತೋ ತಿಳಿಯದು. ರಂಜಿತ್ ಬಂದು ಪಕ್ಕದಲ್ಲಿ ನಿಂತ.

"ದೊಡ್ಡಪ್ಪ, ಕೈ ಇಳಿಸಿ" ಎಂದ. "ಬಸ್ಸು ಮೆಲ್ಕಾರು ದಾಟಿಯಾಯ್ತು."